ಊರು, ಬೆಳೆ, ಜಮೀನು ಎಲ್ಲಾ ಕೈಯಲ್ಲಿ ಬರೆಸಿದರೆ ಲೆಕ್ಕವೇ ಸಿಗುತ್ತಿಲ್ಲ. ಪೂರ್ತಿ ಡ್ರಾಪ್‌ಡೌನ್ (ಒತ್ತಿದರೆ ತೆರೆಯುವ ಆಯ್ಕೆಗಳ ಪಟ್ಟಿ) ಮಾಡಿಬಿಡಲಾ?

ವರದಾ_ತೀರ
ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆಯ ಒಂದು ರೈತ ಉತ್ಪಾದಕ ಕಂಪನಿಯಲ್ಲಿ ಸದಸ್ಯರ ಮಾಹಿತಿ ನೋಡಿಕೊಳ್ಳುವ ಕೆಲಸ ನನ್ನದು. ಮುಂಗಾರಿಗೆ ಯಾವ ಬೀಜ, ಎಷ್ಟು ಗೊಬ್ಬರ ತರಿಸಬೇಕು ಅಂತ ಮೊದಲೇ ಗೊತ್ತಾಗಬೇಕಲ್ಲ, ಅದಕ್ಕೊಂದು ಗೂಗಲ್ ಫಾರ್ಮ್ ಇದೆ. ಲಿಂಕ್ ವಾಟ್ಸಾಪ್ ಗ್ರೂಪುಗಳಿಗೆ ಹೋಗುತ್ತದೆ, ಜನ ತುಂಬುತ್ತಾರೆ. ಹೆಸರು, ಊರು, ತಾಲೂಕು, ಬೆಳೆ, ಜಮೀನು ಎಲ್ಲದಕ್ಕೂ ಖಾಲಿ ಜಾಗ. ಯಾರು ಏನು ಬೇಕಾದರೂ ಬರೆಯಬಹುದು.

ಬಂದದ್ದು ನೋಡಿ. ತಾಲೂಕಿನ ಕಾಲಂನಲ್ಲಿ ರಾಣೆಬೆನ್ನೂರು, ರಾಣೇಬೆನ್ನೂರ, ರಾಣಿಬೆನ್ನೂರು, ಆರ್‌ಎನ್‌ಆರ್. ಇಂಗ್ಲಿಷಿನಲ್ಲಿ ಬರೆದವರದು ಬೇರೆಯೇ ಪಟ್ಟಿ. ಬೆಳೆಯ ಕಾಲಂನಲ್ಲಿ ಗೋವಿನಜೋಳ, ಗೊಂಜಾಳ, ಮೆಕ್ಕೆಜೋಳ, ಮೆಕ್ಕಿಜೋಳ, ಮೇಜ್. ಜಮೀನಿನದು ಇನ್ನೂ ಕಷ್ಟ: ‘2 ಎಕರೆ 10 ಗುಂಟೆ’, ‘2.10’, ‘2.25’, ‘90 ಗುಂಟೆ’, ‘ಎರಡೂಕಾಲು’. ಫೋನ್ ಮಾಡಿ ಕೇಳಿದರೆ ಐದೂ ಒಂದೇ ಅಳತೆ! ಒಬ್ಬರು 2-10 ಅಂತ ಹಾಕಿದ್ದರು. ಉತ್ತರಗಳ ಸಿಎಸ್‌ವಿ (ಕಾಮಾ ಹಾಕಿ ಬೇರ್ಪಡಿಸಿದ ಪಠ್ಯದ ಕಡತ) ಇಳಿಸಿಕೊಂಡು ಎಕ್ಸೆಲ್‌ನಲ್ಲಿ ತೆರೆದರೆ ಅದು ಅಕ್ಟೋಬರ್ 2 ಆಗಿ ಕೂತಿದೆ.

ಎಲ್ಲವನ್ನೂ ಡ್ರಾಪ್‌ಡೌನ್ ಮಾಡಿದರೆ ಈ ತಲೆನೋವು ತಪ್ಪುತ್ತದೆ ಅಂತ ನನಗೆ ಅನ್ನಿಸುತ್ತಿದೆ. ನಮ್ಮ ನಿರ್ದೇಶಕರೊಬ್ಬರು ಒಪ್ಪುತ್ತಿಲ್ಲ. ಉದ್ದ ಪಟ್ಟಿ ನೋಡಿದರೆ ರೈತರು ಅರ್ಧಕ್ಕೆ ಬಿಟ್ಟು ಹೋಗುತ್ತಾರೆ ಅಂತಾರೆ. ಈ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಕಾಲಂ_ಕಾವಲು
ಮಾಡಿಬಿಡಿ, ಯೋಚನೆಯೇ ಬೇಡ. ನಾನು ಪಾಲಿಸುವ ನಿಯಮ ಇಷ್ಟೇ. ಯಾವ ಕಾಲಂ ಇಟ್ಟುಕೊಂಡು ಮುಂದೆ ಎಣಿಸಬೇಕೋ, ಫಿಲ್ಟರ್ ಹಾಕಬೇಕೋ, ಅಲ್ಲಿ ಟೈಪ್ ಮಾಡಲು ಬಿಡಬಾರದು. ತಾಲೂಕು, ಊರು, ಬೆಳೆ, ಹಂಗಾಮು ಇವೆಲ್ಲ ಎಣಿಸುವ ಕಾಲಂಗಳು. ಹೆಸರು, ವಿಳಾಸ, ‘ಬೇರೆ ಏನಾದರೂ ಹೇಳುವುದಿದ್ದರೆ’ ಇವು ಬರೆಯುವ ಕಾಲಂಗಳು. ಎರಡನ್ನೂ ಕಲಸಬೇಡಿ.

ಮಳೆಗಾಲ
ಒಂದು ತಾಲೂಕಿಗೇ ನೂರರ ಮೇಲೆ ಊರು. ಅಷ್ಟುದ್ದ ಪಟ್ಟಿಯನ್ನು ಆರಿಂಚಿನ ಫೋನಲ್ಲಿ ಯಾರು ಉರುಳಿಸುತ್ತಾರೆ? ನಿಮ್ಮ ನಿರ್ದೇಶಕರು ಹೇಳಿದ್ದೇ ಸರಿ.

ಕಾಲಂ_ಕಾವಲು
@ಮಳೆಗಾಲ, ಮೊದಲು ತಾಲೂಕು ಕೇಳಿ, ಆಮೇಲೆ ಆ ತಾಲೂಕಿನ ಊರುಗಳನ್ನಷ್ಟೇ ತೋರಿಸಬೇಕು. ಗೂಗಲ್ ಫಾರ್ಮ್‌ನಲ್ಲಿ ‘ಉತ್ತರ ನೋಡಿ ಮುಂದಿನ ಸೆಕ್ಷನ್‌ಗೆ ಕಳಿಸು’ ಅನ್ನೋ ಸೌಲಭ್ಯ ಇದೆ. ಹಾವೇರಿ ಜಿಲ್ಲೆಗೆ ಎಂಟು ತಾಲೂಕು, ಎಂಟು ಸೆಕ್ಷನ್ ಸಾಕು. ನಡುವೆ ಹೋಬಳಿ ಹಾಕಿದರೆ ಪಟ್ಟಿ ಇನ್ನೂ ಚಿಕ್ಕದಾಗುತ್ತದೆ. ಎಕ್ಸೆಲ್‌ನಲ್ಲಾದರೆ ಇಂಡೈರೆಕ್ಟ್ ಫಾರ್ಮುಲಾದಿಂದ ಇದನ್ನೇ ಮಾಡಬಹುದು. ಆದರೆ ರೇಂಜ್‌ಗೆ (ಪಟ್ಟಿ ಇರುವ ಸೆಲ್‌ಗಳ ಗುಂಪಿಗೆ) ಇಡುವ ಹೆಸರಿನಲ್ಲಿ ಸ್ಪೇಸ್ ಇರಬಾರದು, ನೆನಪಿರಲಿ.

ಅಂಕಿತಾ_ಧಾರವಾಡ
ಒಂದು ವಿಷಯ ಸೇರಿಸುತ್ತೇನೆ. ಗೂಗಲ್ ಫಾರ್ಮ್‌ನ ಡ್ರಾಪ್‌ಡೌನ್‌ನಲ್ಲಿ ‘ಇತರೆ’ ಅಂತ ಬರೆಯುವ ಜಾಗ ಬರುವುದಿಲ್ಲ. ಮಲ್ಟಿಪಲ್ ಚಾಯ್ಸ್ ಮತ್ತು ಚೆಕ್‌ಬಾಕ್ಸ್‌ನಲ್ಲಿ ಮಾತ್ರ ಬರುತ್ತದೆ. ಡ್ರಾಪ್‌ಡೌನ್ ಹಾಕಿದರೆ ‘ನನ್ನ ಊರು ಪಟ್ಟಿಯಲ್ಲಿ ಇಲ್ಲ’ ಅಂತ ನೀವೇ ಒಂದು ಆಯ್ಕೆ ಇಟ್ಟು, ಅದರ ಕೆಳಗೆ ಬೇರೆ ಪ್ರಶ್ನೆ ಕೊಡಬೇಕು. ಇಲ್ಲದಿದ್ದರೆ ಊರು ಸಿಗದವರು ಪಕ್ಕದ ಊರು ಒತ್ತಿ ಮುಂದೆ ಹೋಗುತ್ತಾರೆ. ಅದು ನಿಮಗೆ ಗೊತ್ತೂ ಆಗುವುದಿಲ್ಲ.

ಶಾನುಭೋಗರ_ಮೊಮ್ಮಗಳು
ಜಮೀನಿನ ವಿಷಯಕ್ಕೆ ಬರುತ್ತೇನೆ, ಯಾಕಂದ್ರೆ ಅದೇ ಎಲ್ಲಕ್ಕಿಂತ ಅಪಾಯದ ಕಾಲಂ. ಊರಿನ ಹೆಸರು ತಪ್ಪಿದರೆ ಕಣ್ಣಿಗೆ ಕಾಣುತ್ತದೆ. 2.10 ಕಂಡರೆ ಯಾರಿಗೂ ಅನುಮಾನ ಬರಲ್ಲ.

ಪಹಣಿಯಲ್ಲಿ ವಿಸ್ತೀರ್ಣ ಇರುವುದು ಎಕರೆ-ಗುಂಟೆ-ಆಣೆ ಲೆಕ್ಕದಲ್ಲಿ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ಅಂದರೆ 2 ಎಕರೆ 10 ಗುಂಟೆ ಅಂದರೆ 2.25 ಎಕರೆ. ರೈತರು ಪಹಣಿ ನೋಡಿಕೊಂಡು ನಡುವೆ ಚುಕ್ಕಿ ಇಟ್ಟು 2.10 ಅಂತ ಬರೆಯುತ್ತಾರೆ. ಶೀಟ್ ಅದನ್ನು ಎಕರೆಯ ದಶಮಾಂಶ ಅಂದುಕೊಳ್ಳುತ್ತದೆ. ಒಬ್ಬರ ಲೆಕ್ಕದಲ್ಲೇ 6 ಗುಂಟೆ ಹೋಯಿತು. 2 ಎಕರೆ 30 ಗುಂಟೆ ಇದ್ದವರು 2.30 ಅಂತ ಬರೆದರೆ 18 ಗುಂಟೆ ಹೋಯಿತು. ಸದಸ್ಯರೆಲ್ಲರದೂ ಕೂಡಿದರೆ ಬೀಜ, ಗೊಬ್ಬರ ಎಷ್ಟು ಕಡಿಮೆ ಬೀಳುತ್ತದೆ ನೋಡಿ. 2.10 ಆಮೇಲೆ 2.1 ಆಗಿಬಿಡುತ್ತದೆ. ಆಗ ಅದು 10 ಗುಂಟೆಯೋ 1 ಗುಂಟೆಯೋ ಅಂತ ಬರೆದವರನ್ನೇ ಕೇಳಬೇಕು.

ಒಂದೇ ಪೆಟ್ಟಿಗೆ ಬೇಡ, ಎರಡು ಮಾಡಿ. ಎಕರೆಗೆ ಬರೀ ಪೂರ್ಣಸಂಖ್ಯೆ. ಗುಂಟೆಗೆ 0ಯಿಂದ 39ರವರೆಗೆ ಡ್ರಾಪ್‌ಡೌನ್. ಶೀಟಿನಲ್ಲಿ ಗುಂಟೆಯನ್ನು 40ರಿಂದ ಭಾಗಿಸಿ ಎಕರೆಗೆ ಕೂಡಿಸಿ. ಬೀಜದ ಲೆಕ್ಕಕ್ಕೆ ಆಣೆ ಬೇಕಾಗಿಲ್ಲ.

ಕಾಲಂ_ಕಾವಲು
ಮೇಡಂ, ಗುಂಟೆಗೆ 0–39 ಪಟ್ಟಿ ತುಂಬಾ ಒಳ್ಳೆ ಉಪಾಯ. 40 ಅಂತ ಹಾಕಲು ದಾರಿಯೇ ಇಲ್ಲ.

ಮಳೆಗಾಲ
ಅದಕ್ಕೂ ಡ್ರಾಪ್‌ಡೌನ್ ಯಾಕೆ? 0ರಿಂದ 39ರ ಒಳಗಿನ ಸಂಖ್ಯೆ ಮಾತ್ರ ತಗೋ ಅಂತ ವ್ಯಾಲಿಡೇಶನ್ ಹಾಕಿದರೆ ಸಾಕಲ್ವಾ? ಎರಡಂಕಿ ಒತ್ತೋದು ಸುಲಭವೋ, ನಲವತ್ತು ಸಾಲು ಉರುಳಿಸೋದು ಸುಲಭವೋ?

ಶಾನುಭೋಗರ_ಮೊಮ್ಮಗಳು
@ಮಳೆಗಾಲ, ಸರಿ, ಒಪ್ಪಿದೆ. ಸಂಖ್ಯೆಗೆ ಮಿತಿ ಹಾಕಿದರೂ ಕೆಲಸ ಆಗುತ್ತದೆ. ಎಕರೆ, ಗುಂಟೆ ಬೇರೆ ಬೇರೆ ಪೆಟ್ಟಿಗೆಯಲ್ಲಿರಬೇಕು ಅನ್ನೋದೇ ಮುಖ್ಯ.

ಲ್ಯಾಬ್_ಕೋಟು
ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ. 2-10 ಅಕ್ಟೋಬರ್ 2 ಆದದ್ದು ಓದಿದಾಗ ನಮ್ಮ ಕ್ಷೇತ್ರದ ಕಥೆ ನೆನಪಾಯಿತು. ಮನುಷ್ಯರ ಕೆಲವು ಜೀನ್‌ಗಳಿಗೆ ಮಾರ್ಚ್1, ಸೆಪ್ಟ್2 ಅನ್ನೋ ಥರದ ಹೆಸರುಗಳಿದ್ದವು. ಎಕ್ಸೆಲ್ ಅವನ್ನೆಲ್ಲ ತಾರೀಖು ಮಾಡಿಬಿಡುತ್ತಿತ್ತು. ಪ್ರಕಟವಾದ ಪ್ರಬಂಧಗಳ ಪಟ್ಟಿಗಳಲ್ಲೂ ಈ ತಪ್ಪು ಸೇರಿಕೊಂಡಿತ್ತು. ಕೊನೆಗೆ 2020ರಲ್ಲಿ ಜೀನ್‌ಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯೇ ಹೆಸರು ಬದಲಾಯಿಸಿತು, ಮಾರ್ಚ್‌ಎಫ್1, ಸೆಪ್ಟಿನ್2 ಅಂತ. ಈ ತಾನಾಗಿ ಬದಲಾಗುವುದನ್ನು ನಿಲ್ಲಿಸುವ ಆಯ್ಕೆಯನ್ನು ಎಕ್ಸೆಲ್ 2023ರಲ್ಲಿ ಕೊಟ್ಟಿತು.

ನಿಮ್ಮ ಫಾರ್ಮ್‌ನಲ್ಲಿ ಸರ್ವೆ ನಂಬರ್ ಕೇಳುತ್ತಿದ್ದರೆ ಹುಷಾರು. 12/3 ಅನ್ನೋ ಸರ್ವೆ ನಂಬರಿಗೂ ಇದೇ ಗತಿ. ಸಿಎಸ್‌ವಿಯನ್ನು ನೇರವಾಗಿ ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಇಂಪೋರ್ಟ್ ಮಾಡಿ, ಆ ಕಾಲಂ ಅನ್ನು ‘ಟೆಕ್ಸ್ಟ್’ ಅಂತ ಗುರುತಿಸಿ.

ಬೀದಿ_ಸಮೀಕ್ಷೆ
ಇಲ್ಲಿ ಎಲ್ಲರೂ ಡ್ರಾಪ್‌ಡೌನ್ ಅಂದರೆ ಶುದ್ಧ ಡೇಟಾ ಅಂತ ನಂಬಿದ ಹಾಗಿದೆ. ಮನೆ ಮನೆಗೆ ಹೋಗಿ ಫಾರ್ಮ್ ತುಂಬಿಸುವವನು ನಾನು. ನನ್ನ ಮಾತೂ ಕೇಳಿ.

ಡ್ರಾಪ್‌ಡೌನ್ ಕಾಗುಣಿತವನ್ನು ಸರಿ ಮಾಡುತ್ತದೆ, ಉತ್ತರವನ್ನಲ್ಲ. ಜಿಲ್ಲೆಯ ಪಟ್ಟಿಯನ್ನು ಇಂಗ್ಲಿಷ್ ಅಕ್ಷರಕ್ರಮದಲ್ಲಿ ಹಾಕಿ, ಮೊದಲ ಹೆಸರನ್ನೇ ತಾನಾಗಿ ಆಯ್ಕೆಯಾಗಿ ಬಿಟ್ಟರೆ ಎಲ್ಲರೂ ಬಾಗಲಕೋಟೆಯವರಾಗುತ್ತಾರೆ. ಕನ್ನಡದ ಅಕಾರಾದಿಯಲ್ಲಿ ಹಾಕಿದರೆ ಉಡುಪಿಯವರು. ಅವಸರದಲ್ಲಿ ಇರುವವರು ಮೇಲಿನದನ್ನೇ ಬಿಟ್ಟು ಮುಂದೆ ಹೋಗುತ್ತಾರೆ. ಕೈಯಲ್ಲಿ ಬರೆದ ‘ರಾಣಿಬೆನ್ನೂರು’ ಕಾಗುಣಿತ ತಪ್ಪಿರಬಹುದು, ಆದರೆ ಅದು ನಿಜವಾದ ಉತ್ತರ. ಅದನ್ನು ಆಮೇಲೆ ತಿದ್ದಬಹುದು. ಡ್ರಾಪ್‌ಡೌನ್‌ನಲ್ಲಿ ಕೂತ ತಪ್ಪು ಬಾಗಲಕೋಟೆಯನ್ನು ಯಾವ ಫಾರ್ಮುಲಾವೂ ಹಿಡಿಯುವುದಿಲ್ಲ.

ಅಂಕಿತಾ_ಧಾರವಾಡ
@ಬೀದಿ_ಸಮೀಕ್ಷೆ ಹೇಳಿದ್ದು ನೂರಕ್ಕೆ ನೂರು ನಿಜ. ಮೊದಲ ಸಾಲು ಯಾವಾಗಲೂ ‘ಆಯ್ಕೆ ಮಾಡಿ’ ಅಂತ ಖಾಲಿ ಇರಬೇಕು. ಜೊತೆಗೆ ಅದನ್ನು ಕಡ್ಡಾಯ ಮಾಡಬೇಕು.

ಥೇಮ್ಸ್_ಕನ್ನಡಿಗ
ನಾನು ಇಂಗ್ಲೆಂಡಿನಲ್ಲಿ ಸರ್ಕಾರಿ ಸೇವೆಗಳ ವೆಬ್‌ಸೈಟ್ ಕೆಲಸ ಮಾಡುತ್ತೇನೆ. ಇಲ್ಲಿನ ಸರ್ಕಾರದ ವಿನ್ಯಾಸ ಮಾರ್ಗದರ್ಶಿಯಲ್ಲೇ ಸ್ಪಷ್ಟವಾಗಿ ಇದೆ: ಸಾರ್ವಜನಿಕರು ತುಂಬುವ ಫಾರ್ಮ್‌ನಲ್ಲಿ ಡ್ರಾಪ್‌ಡೌನ್ ಕೊನೆಯ ದಾರಿ ಆಗಿರಬೇಕು. ಕೆಲವರಿಗೆ ಅದನ್ನು ಬಳಸುವುದು ತುಂಬಾ ಕಷ್ಟ ಅಂತ ಬಳಕೆದಾರರ ಜೊತೆ ಮಾಡಿದ ಸಂಶೋಧನೆಯಲ್ಲಿ ಕಂಡುಬಂದಿದೆ. ಕೆಲವರು ಮುಚ್ಚಿದ ಪೆಟ್ಟಿಗೆಯ ಒಳಗೇ ಟೈಪ್ ಮಾಡಲು ನೋಡುತ್ತಾರೆ, ಕೆಲವರಿಗೆ ಅದು ತೆರೆಯುತ್ತದೆ ಅಂತಲೇ ಗೊತ್ತಾಗುವುದಿಲ್ಲ.

ಆಯ್ಕೆ ನಾಲ್ಕೈದೇ ಇದ್ದರೆ ರೇಡಿಯೋ ಬಟನ್ (ಗೂಗಲ್ ಫಾರ್ಮ್‌ನ ಮಲ್ಟಿಪಲ್ ಚಾಯ್ಸ್) ಹಾಕಿ, ಎಲ್ಲಾ ಒಮ್ಮೆಗೇ ಕಣ್ಣಿಗೆ ಬೀಳಲಿ. ಮುಂಗಾರು, ಹಿಂಗಾರು, ಬೇಸಿಗೆ ಮೂರಕ್ಕೆ ಡ್ರಾಪ್‌ಡೌನ್ ಯಾಕೆ ಬೇಕು? ಊರಿನಂಥ ಉದ್ದ ಪಟ್ಟಿಗೆ, ಎರಡಕ್ಷರ ಟೈಪ್ ಮಾಡಿದರೆ ಹೊಂದುವ ಹೆಸರುಗಳನ್ನು ತೋರಿಸುವ ಪೆಟ್ಟಿಗೆ ಒಳ್ಳೆಯದು. ಗೂಗಲ್ ಫಾರ್ಮ್‌ನಲ್ಲಿ ಅದು ಇಲ್ಲ ಅನ್ನೋದು ಬೇಸರದ ವಿಷಯ.

ಗಣತಿ_ಗಣಿತ
ಬರೆಯಲು ಬಿಟ್ಟರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನೋದಕ್ಕೆ ದೇಶದ ಮಟ್ಟದ ಉದಾಹರಣೆಯೇ ಇದೆ. 2011ರ ಸಾಮಾಜಿಕ-ಆರ್ಥಿಕ ಮತ್ತು ಜಾತಿ ಗಣತಿ. 1931ರ ಜನಗಣತಿಯಲ್ಲಿ 4,147 ಜಾತಿಗಳಿದ್ದವು. 2011ರದ್ದರಲ್ಲಿ 46 ಲಕ್ಷಕ್ಕೂ ಹೆಚ್ಚು ಹೆಸರುಗಳು ಬಂದವು ಅಂತ ಕೇಂದ್ರ ಸರ್ಕಾರವೇ 2021ರಲ್ಲಿ ಸುಪ್ರೀಂ ಕೋರ್ಟ್‌ಗೆ ಪ್ರಮಾಣಪತ್ರ ಕೊಟ್ಟಿತು. ಜಾತಿ, ಉಪಜಾತಿ, ಅಡ್ಡಹೆಸರು, ಗೋತ್ರ, ಒಂದೇ ಹೆಸರಿನ ಬೇರೆ ಬೇರೆ ಕಾಗುಣಿತ ಎಲ್ಲಾ ಕಲಸಿಹೋಗಿತ್ತು. ಮೊದಲೇ ಜಾತಿಗಳ ಪಟ್ಟಿ ಮಾಡಿಕೊಂಡಿರಲಿಲ್ಲ ಅನ್ನೋದೇ ಮುಖ್ಯ ಕಾರಣ. ಅಷ್ಟು ದೊಡ್ಡ ಸಮೀಕ್ಷೆಯ ಜಾತಿ ಅಂಕಿಅಂಶ ಹೊರಗೆ ಬರಲೇ ಇಲ್ಲ.

ಬೀದಿ_ಸಮೀಕ್ಷೆ
@ಗಣತಿ_ಗಣಿತ, ಅದೇ ವರ್ಷದ ಜನಗಣತಿಯ ಮಾತೃಭಾಷೆಯ ಲೆಕ್ಕವನ್ನೂ ಹೇಳಬೇಕಲ್ಲ ಸರ್. ಜನ ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡರು. 19,569 ಹೆಸರುಗಳು ಬಂದವು. ಆಮೇಲೆ ಭಾಷೆ ಬಲ್ಲವರು ಕೂತು ಪರಿಶೀಲಿಸಿ 1,369 ಮಾತೃಭಾಷೆಗಳಿಗೆ ತಂದರು. ಮೊದಲೇ ಡ್ರಾಪ್‌ಡೌನ್ ಕೊಟ್ಟಿದ್ದರೆ ಪಟ್ಟಿಯಲ್ಲಿ ಇಲ್ಲದ ಭಾಷೆಯವರು ಏನು ಮಾಡಬೇಕಿತ್ತು? ಈಗಲೇ ನೀಲಗಿರಿಯ ಬಡಗ ಭಾಷೆಯನ್ನು ಕನ್ನಡದ ಗುಂಪಿಗೆ ಸೇರಿಸಿ ತೋರಿಸುತ್ತಾರೆ. ಆದರೂ ಬಡಗ ಅಂತ ಹೇಳಿದವರು ಎಷ್ಟು ಜನ ಅನ್ನೋದು ಒಳಗಡೆ ಸಿಗುತ್ತದೆ. ಅವರು ಹೇಳಿದ್ದನ್ನು ಬರೆದುಕೊಂಡಿದ್ದಕ್ಕೇ ಅದು ಸಿಗುತ್ತಿರುವುದು.

ಗಣತಿ_ಗಣಿತ
ಜನಗಣತಿ ಇಲಾಖೆಗೆ ಹಾಗೆ ವರ್ಷಗಟ್ಟಲೆ ಕೂತು ವಿಂಗಡಿಸುವ ಶಕ್ತಿ ಇದೆ. ವರದಾ ಅವರ ಕಂಪನಿಯಲ್ಲಿ ಇರೋದು ಅವರೊಬ್ಬರೇ. ಮಳೆ ಬೀಳುವ ಮೊದಲೇ ಬೀಜ ತರಿಸಬೇಕು. ಅವರ ಪರಿಸ್ಥಿತಿ ನೋಡಿ ಸಲಹೆ ಕೊಡೋಣ.

ಅಡ್ಡಹೆಸರಿಲ್ಲದವಳು
ಫಾರ್ಮ್ ವಿಷಯ ಬಂತಲ್ಲ, ನನ್ನ ಗೋಳೂ ಇಲ್ಲೇ ಹೇಳಿಬಿಡ್ತೀನಿ. ನನಗೆ ಸರ್‌ನೇಮ್ ಇಲ್ಲ. ಹಳೇ ಮೈಸೂರು ಕಡೆ ಎಷ್ಟೋ ಜನರಿಗೆ ಇಲ್ಲ. ಇನಿಷಿಯಲ್ ಇದೆ, ಅಷ್ಟೇ. ಎಲ್ಲಾ ಫಾರ್ಮ್‌ನಲ್ಲೂ ‘ಲಾಸ್ಟ್ ನೇಮ್’ ಕಡ್ಡಾಯ. ಒಂದು ಕಡೆ ಇನಿಷಿಯಲ್ ಬಿಡಿಸಿ ಬರೆದೆ, ಇನ್ನೊಂದು ಕಡೆ ಹೆಸರನ್ನೇ ಎರಡು ಸಲ ಬರೆಯಬೇಕಾಯಿತು. ಈಗ ಒಂದಕ್ಕೊಂದು ತಾಳೆ ಆಗಲ್ಲ. ಡೇಟಾ ಶುದ್ಧವಾಗಿರಬೇಕು ಅಂತ ಪೆಟ್ಟಿಗೆ ಮಾಡುವವರು ದಯವಿಟ್ಟು ‘ಪೂರ್ತಿ ಹೆಸರು’ ಅಂತ ಒಂದೇ ಪೆಟ್ಟಿಗೆ ಇಡಿ.

ವರದಾ_ತೀರ
ನಮ್ಮ ಫಾರ್ಮ್‌ನಲ್ಲಿ ‘ಪಹಣಿಯಲ್ಲಿ ಇರುವ ಹಾಗೆ ಪೂರ್ತಿ ಹೆಸರು’ ಅಂತ ಒಂದೇ ಪೆಟ್ಟಿಗೆ ಇದೆ ಅಕ್ಕ. ಅದು ಹಾಗೇ ಇರುತ್ತದೆ.

ಲಿಪಿ_ಪ್ರೇಮಿ
ಬರೆಯಲು ಬಿಟ್ಟ ಕಾಲಂನಲ್ಲಿ ಕಣ್ಣಿಗೆ ಕಾಣದ ಒಂದು ತೊಂದರೆ ಇದೆ, ಯಾರೂ ಹೇಳಲಿಲ್ಲ. ಶೀಟಿನಲ್ಲಿ ‘ಶೇಂಗಾ’ ಅಂತ ಹುಡುಕಿ ನೋಡಿ. ಕೆಲವು ಸಾಲುಗಳು ಸಿಗುವುದಿಲ್ಲ. ಯಾಕಂದ್ರೆ ಅಲ್ಲಿರುವುದು ‘ಶೇ೦ಗಾ’. ನಡುವೆ ಇರುವುದು ಅನುಸ್ವಾರ ಅಲ್ಲ, ಕನ್ನಡದ ಸೊನ್ನೆ. ನೋಡಲು ಎರಡೂ ಒಂದೇ ಥರ, ಕಂಪ್ಯೂಟರಿಗೆ ಬೇರೆ ಬೇರೆ ಅಕ್ಷರ. ಬೆ೦ಗಳೂರು, ಶಿಗ್ಗಾ೦ವ ಎಲ್ಲಾ ಹೀಗೇ ಬರುತ್ತವೆ. ‘ಶೇ’ಯನ್ನೂ ಎರಡು ರೀತಿ ಕೂಡಿಸಬಹುದು. ಏತ್ವ ಮತ್ತು ದೀರ್ಘ ಬೇರೆ ಬೇರೆ ಸಂಕೇತಗಳಾಗಿ ಬಂದರೆ ಒಂದು, ಒಂದೇ ಸಂಕೇತವಾಗಿ ಬಂದರೆ ಇನ್ನೊಂದು. ಕೊನೆಯಲ್ಲಿ ಒಂದು ಸ್ಪೇಸ್ ಉಳಿದರೆ ಅದೂ ಬೇರೆ ಹೆಸರೇ.

ಹಳೆಯ ಡೇಟಾಗೆ ಮೊದಲು ಟ್ರಿಮ್ (ಹೆಚ್ಚುವರಿ ಸ್ಪೇಸ್ ತೆಗೆಯುವ ಫಾರ್ಮುಲಾ) ಹಾಕಿ. ಆಮೇಲೆ ಹೆಸರಿನ ಕಾಲಂಗಳಲ್ಲಿ ಕನ್ನಡ ಸೊನ್ನೆಯನ್ನು ಅನುಸ್ವಾರಕ್ಕೆ ಬದಲಾಯಿಸಿ. ಅಂಕಿ ಇರುವ ಕಾಲಂಗೆ ಮಾತ್ರ ಇದನ್ನು ಮಾಡಬೇಡಿ. ಮುಂದಿನ ಸಲಕ್ಕೆ ಡ್ರಾಪ್‌ಡೌನ್ ಇದ್ದರೆ ಈ ಸಮಸ್ಯೆಯೇ ಬರಲ್ಲ. ಡ್ರಾಪ್‌ಡೌನ್ ಪರವಾಗಿ ನನ್ನ ದೊಡ್ಡ ವಾದ ಇದೇ.

ವರದಾ_ತೀರ
ಈಗಷ್ಟೇ ನೋಡಿದೆ @ಲಿಪಿ_ಪ್ರೇಮಿ. ಶೇಂಗಾ ಎರಡು ಥರ ಇದೆ! ಎಣಿಕೆ ಯಾಕೆ ತಾಳೆ ಆಗುತ್ತಿರಲಿಲ್ಲ ಅಂತ ಈಗ ಗೊತ್ತಾಯಿತು. ತುಂಬಾ ಧನ್ಯವಾದ.

ಹೊಲದ_ಬದು
ಬೆಳೆಯ ಪಟ್ಟಿ ಬಗ್ಗೆ ಎರಡು ಮಾತು. ನಾನೂ ರೈತನೇ. ಫಾರ್ಮ್ ಮಾಡುವವರು ಕೃಷಿ ಇಲಾಖೆಯ ಪಟ್ಟಿಯನ್ನೇ ಎತ್ತಿ ಹಾಕಿಬಿಡುತ್ತಾರೆ. ಅದರಲ್ಲಿ ‘ಮುಸುಕಿನ ಜೋಳ’ ಅಂತ ಇರುತ್ತದೆ. ನಮ್ಮ ಕಡೆ ಹಿರಿಯರು ಅದನ್ನು ನೋಡಿ ನಮ್ಮದು ಇದಲ್ಲ ಅಂತ ಕೆಳಗೆ ಇಳಿಸಿ ‘ಜೋಳ’ ಒತ್ತುತ್ತಾರೆ. ಇಲ್ಲಿ ಜೋಳ ಅಂದರೆ ರೊಟ್ಟಿ ಮಾಡುವ ಬಿಳಿಜೋಳ, ಬೇರೆಯೇ ಬೆಳೆ. ಮೈಸೂರು ಕಡೆಯವರು ಬರೀ ಜೋಳ ಅಂದರೆ ಮೆಕ್ಕೆಜೋಳವೂ ಆಗಬಹುದು. ಹೀಗಾದರೆ ಬೀಜದ ಲೆಕ್ಕ ಎಲ್ಲಿಂದ ಸರಿ ಬರಬೇಕು?

ಆಯ್ಕೆಯ ಸಾಲಿನಲ್ಲೇ ಎಲ್ಲಾ ಹೆಸರು ಹಾಕಿ: ‘ಗೋವಿನಜೋಳ / ಮೆಕ್ಕೆಜೋಳ / ಮುಸುಕಿನ ಜೋಳ’. ಕೆಳಗೆ ‘ಬಿಳಿಜೋಳ (ರೊಟ್ಟಿ ಜೋಳ)’. ‘ಶೇಂಗಾ / ಕಡಲೆಕಾಯಿ’. ಓದಿದವನಿಗೆ ತನ್ನ ಮಾತು ಕಾಣಬೇಕು. ಮೆಣಸಿನಕಾಯಿಯನ್ನು ಒಂದೇ ಸಾಲು ಮಾಡಬೇಡಿ. ಬ್ಯಾಡಗಿಯಲ್ಲಿ ಡಬ್ಬಿ ತಳಿ ಬೇರೆ, ಕಡ್ಡಿ ತಳಿ ಬೇರೆ. ಮಾರುಕಟ್ಟೆಯಲ್ಲಿ ದರವೂ ಬೇರೆ. 2011ರಲ್ಲಿ ಬ್ಯಾಡಗಿ ಮೆಣಸಿಗೆ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕಿದೆ. ಅಂಥ ಬೆಳೆಯನ್ನು ‘ಮೆಣಸಿನಕಾಯಿ’ ಅಂತ ಒಂದೇ ಚೀಲಕ್ಕೆ ತುಂಬಿದರೆ ನಿಮ್ಮ ಕಂಪನಿಗೇ ನಷ್ಟ.

ಇನ್ನೊಂದು. ಡ್ರಾಪ್‌ಡೌನ್‌ನಲ್ಲಿ ಒಂದೇ ಬೆಳೆ ಆರಿಸಲು ಆಗೋದು. ನಮ್ಮ ಹೊಲದಲ್ಲಿ ಗೋವಿನಜೋಳದ ಮಧ್ಯೆ ತೊಗರಿ ಸಾಲು ಇರುತ್ತದೆ. ಅದು ಎಲ್ಲಿ ಹೋಯಿತು?

ಕಾಲಂ_ಕಾವಲು
@ಹೊಲದ_ಬದು, ಅದಕ್ಕೆ ಚೆಕ್‌ಬಾಕ್ಸ್.

ಅಂಕಿತಾ_ಧಾರವಾಡ
ಚೆಕ್‌ಬಾಕ್ಸ್ ಹಾಕಿದರೆ ಎಲ್ಲಾ ಬೆಳೆ ಒಂದೇ ಸೆಲ್‌ನಲ್ಲಿ ಕಾಮಾ ಹಾಕಿಕೊಂಡು ಬಂದು ಕೂರುತ್ತವೆ. ಯಾವ ಬೆಳೆಗೆ ಎಷ್ಟು ಎಕರೆ ಅಂತ ಗೊತ್ತಾಗಲ್ಲ. ‘ಮುಖ್ಯ ಬೆಳೆ’, ‘ಎರಡನೇ ಬೆಳೆ’, ‘ಮೂರನೇ ಬೆಳೆ’ ಅಂತ ಮೂರು ಪ್ರಶ್ನೆ ಮಾಡಿ, ಪ್ರತಿಯೊಂದಕ್ಕೂ ಎಕರೆ, ಗುಂಟೆ ಕೇಳಿ. ಎರಡು, ಮೂರು ಕಡ್ಡಾಯ ಬೇಡ. ಫಾರ್ಮ್ ಉದ್ದ ಆಗುತ್ತದೆ ನಿಜ. ಆದರೆ ನಿಮಗೆ ಬೇಕಾದ ಲೆಕ್ಕ ಅದೇ ಅಲ್ವಾ?

ಬೀದಿ_ಸಮೀಕ್ಷೆ
@ಹೊಲದ_ಬದು ಅವರ ಮಾತೇ ನಾನು ಹೇಳಬೇಕು ಅಂತಿದ್ದದ್ದು. ಪಟ್ಟಿ ಜನರ ಬಾಯಿಂದ ಬರಬೇಕು. ವರದಾ ಅವರ ಹತ್ತಿರ ಈಗಾಗಲೇ ಜನ ಬರೆದುಕೊಟ್ಟ ಶೀಟ್ ಇದೆ. ಅದು ಕಸ ಅಲ್ಲ, ಪಟ್ಟಿ ಮಾಡಲು ಬೇಕಾದ ಸಾಮಾನೆಲ್ಲ ಅದರಲ್ಲೇ ಇದೆ. ಯೂನಿಕ್ ಫಾರ್ಮುಲಾ ಹಾಕಿ ಬೇರೆ ಬೇರೆ ಹೆಸರು ತೆಗೆಯಿರಿ, ಪಕ್ಕದಲ್ಲಿ ಕೌಂಟ್‌ಇಫ್ ಹಾಕಿ ಯಾವುದು ಎಷ್ಟು ಸಲ ಬಂದಿದೆ ನೋಡಿ. ಓಪನ್‌ರಿಫೈನ್ ಅಂತ ಉಚಿತ ತಂತ್ರಾಂಶ ಇದೆ, ಹತ್ತಿರದ ಕಾಗುಣಿತಗಳನ್ನು ಗುಂಪು ಮಾಡಿ ತೋರಿಸುತ್ತದೆ. ಆದರೆ ಗೊಂಜಾಳ, ಮೆಕ್ಕೆಜೋಳ ಒಂದೇ ಅಂತ ಅದಕ್ಕೆ ಗೊತ್ತಿಲ್ಲ. ಅದಕ್ಕೆ ನಿಮ್ಮ ಊರಿನವರೇ ಬೇಕು.

ನಕ್ಷೆ_ನಂಜನಗೂಡು
ಊರಿನ ಹೆಸರಿನ ಜೊತೆ ಕೋಡ್ ಇಟ್ಟುಕೊಳ್ಳಿ ಅಂತ ಯಾರೂ ಹೇಳಿಲ್ಲ, ಹಾಗಾಗಿ ಹೇಳುತ್ತೇನೆ. ಹೆಸರು ನಂಬುವ ಹಾಗಿಲ್ಲ. 2014ರ ನವೆಂಬರ್ 1ರಂದು ಬೆಳಗಾವಿ, ಕಲಬುರಗಿ, ಬಳ್ಳಾರಿ, ವಿಜಯಪುರ ಸೇರಿ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಯಿತು. 2025ರಲ್ಲಿ ರಾಮನಗರ ಜಿಲ್ಲೆ ಬೆಂಗಳೂರು ದಕ್ಷಿಣ ಆಯಿತು. ಬೆಂಗಳೂರು ದಕ್ಷಿಣ ಅಂತ ತಾಲೂಕು ಬೇರೆ ಇದೆ. ಡ್ರಾಪ್‌ಡೌನ್ ಮಾಡಿಟ್ಟು ಮರೆತರೆ ಹಳೆ ಪಟ್ಟಿಯೇ ಉಳಿಯುತ್ತದೆ.

ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನ್‌ಮೆಂಟ್ ಡೈರೆಕ್ಟರಿಯಲ್ಲಿ ಜಿಲ್ಲೆ, ತಾಲೂಕು, ಹಳ್ಳಿ ಎಲ್ಲಕ್ಕೂ ಒಂದೊಂದು ಕೋಡ್ ಇದೆ. ಉಚಿತವಾಗಿ ಇಳಿಸಿಕೊಳ್ಳಬಹುದು. ಫಾರ್ಮ್‌ನಲ್ಲಿ ಕನ್ನಡದ ಹೆಸರು ತೋರಿಸಿ, ಶೀಟಿನಲ್ಲಿ ತಾಲೂಕು, ಊರು ಎರಡನ್ನೂ ಸೇರಿಸಿ ವಿಲುಕಪ್ (ಪಟ್ಟಿಯಲ್ಲಿ ಹುಡುಕಿ ತರುವ ಫಾರ್ಮುಲಾ) ಹಾಕಿ ಕೋಡ್ ತಂದುಕೊಳ್ಳಿ. ರಾಮಪುರ, ಹೊಸಹಳ್ಳಿ ಅಂತ ಒಂದೇ ಹೆಸರಿನ ಊರುಗಳು ಎಷ್ಟೋ ಇವೆ, ಅಲ್ಲೆಲ್ಲ ಕೋಡೇ ಕಾಯುತ್ತದೆ. ಪಿನ್‌ಕೋಡ್ ಸಾಕು ಅಂತ ಕೆಲವರು ಹೇಳುತ್ತಾರೆ. ಸಾಲದು. ಒಂದು ಪಿನ್‌ಕೋಡಿನಲ್ಲಿ ಹಲವು ಹಳ್ಳಿ ಇರುತ್ತವೆ.

ಬ್ಯಾಂಕು_ಬಾಗಿಲು
ಬ್ಯಾಂಕ್ ವಿವರ ಕೇಳುತ್ತಿದ್ದೀರಾ? ಐಎಫ್‌ಎಸ್‌ಸಿಗೆ (ಬ್ಯಾಂಕ್ ಶಾಖೆಯ ಕೋಡ್) ಡ್ರಾಪ್‌ಡೌನ್ ಆಗಲ್ಲ, ಆದರೆ ಸುಮ್ನೆ ಖಾಲಿಯೂ ಬಿಡಬೇಡಿ. 11 ಅಕ್ಷರ. ಮೊದಲ ನಾಲ್ಕು ಬ್ಯಾಂಕಿನ ಇಂಗ್ಲಿಷ್ ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ, ಕೊನೆಯ ಆರು ಶಾಖೆಯದು. ಆ ಸೊನ್ನೆಯ ಜಾಗದಲ್ಲಿ ಜನ ಇಂಗ್ಲಿಷ್ ‘ಓ’ ಒತ್ತುತ್ತಾರೆ, ಹಣ ವಾಪಸ್ ಬರುತ್ತದೆ. ಫಾರ್ಮ್‌ನಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ (ಯಾವ ಜಾಗದಲ್ಲಿ ಯಾವ ಅಕ್ಷರ ಇರಬೇಕು ಅನ್ನೋ ಮಾದರಿ) ಹಾಕಿದರೆ ಅಲ್ಲೇ ತಡೆಯುತ್ತದೆ. ಮೊಬೈಲಿಗೂ ಅಷ್ಟೇ: ಹತ್ತು ಅಂಕಿ, ಮೊದಲನೆಯದು 6ರಿಂದ 9ರ ಒಳಗೆ.

ಕಾಲಂ_ಕಾವಲು
ಆಫೀಸಿನಲ್ಲಿ ಎಕ್ಸೆಲ್‌ನಲ್ಲೇ ತುಂಬುವವರಿಗೆ ಒಂದು ಎಚ್ಚರಿಕೆ. ಡೇಟಾ ವ್ಯಾಲಿಡೇಶನ್ ಟೈಪ್ ಮಾಡುವುದನ್ನು ಮಾತ್ರ ತಡೆಯುತ್ತದೆ. ಬೇರೆ ಕಡೆಯಿಂದ ಕಾಪಿ ಮಾಡಿ ಪೇಸ್ಟ್ ಮಾಡಿದರೆ ತಪ್ಪು ಮೌಲ್ಯ ಒಳಗೆ ನುಗ್ಗುತ್ತದೆ. ‘ಸರ್ಕಲ್ ಇನ್‌ವ್ಯಾಲಿಡ್ ಡೇಟಾ’ ಒತ್ತಿ ಆಗಾಗ ನೋಡುತ್ತಿರಿ. ಪಟ್ಟಿಯನ್ನು ವ್ಯಾಲಿಡೇಶನ್ ಪೆಟ್ಟಿಗೆಯಲ್ಲೇ ಬರೆದರೆ 255 ಅಕ್ಷರಕ್ಕೆ ಮುಗಿಯುತ್ತದೆ. ಬೇರೆ ಶೀಟಿನಲ್ಲಿ ಪಟ್ಟಿ ಇಟ್ಟು ಅಲ್ಲಿಂದ ತೋರಿಸಿ.

ವರದಾ_ತೀರ
ಎಲ್ಲರಿಗೂ ಧನ್ಯವಾದ. ನಿರ್ದೇಶಕರ ಜೊತೆ ಕೂತು ಮಾತಾಡಿದೆ. ಹಂಗಾಮಿಗೆ ರೇಡಿಯೋ ಬಟನ್. ತಾಲೂಕು, ಊರಿಗೆ ಸೆಕ್ಷನ್ ಹಾಕಿ ಡ್ರಾಪ್‌ಡೌನ್, ಕೊನೆಗೆ ‘ನನ್ನ ಊರು ಇಲ್ಲಿಲ್ಲ’. ಬೆಳೆಗೆ ಹೊಲದ_ಬದು ಅಣ್ಣ ಹೇಳಿದ ಹಾಗೆ ಎಲ್ಲಾ ಹೆಸರೂ ಒಂದೇ ಸಾಲಿನಲ್ಲಿ, ಮೂರು ಬೆಳೆಯವರೆಗೆ. ಎಕರೆ ಬೇರೆ, ಗುಂಟೆ ಬೇರೆ. ಹಳೆಯ ಶೀಟನ್ನು ಅಳಿಸುವುದಿಲ್ಲ. ಅದರಿಂದಲೇ ಬೆಳೆ ಪಟ್ಟಿ ಮಾಡಿ, ಬೀಜ ಕೊಡುವ ದಿನ ಡಿಪೋಗೆ ಬರುವ ಹಿರಿಯರಿಗೆ ಓದಿ ಹೇಳಿ ತಿದ್ದಿಸುತ್ತೇನೆ. ನಿರ್ದೇಶಕರ ಒಂದು ಷರತ್ತು: ಸ್ಮಾರ್ಟ್‌ಫೋನ್ ಇಲ್ಲದವರಿಗೆ ಡಿಪೋದಲ್ಲೇ ನಮ್ಮ ಹುಡುಗರು ತುಂಬಿಕೊಡಬೇಕು. ಅದೂ ನ್ಯಾಯವೇ.

ಒಂದು ಗಂಟು ಉಳಿದಿದೆ. ರಟ್ಟೀಹಳ್ಳಿ ಹಿರೇಕೆರೂರಿನಿಂದ ಬೇರೆ ತಾಲೂಕಾಗಿದೆ. ಆದರೆ ಅಲ್ಲಿನ ಎಷ್ಟೋ ಊರಿನವರು ಈಗಲೂ ತಾಲೂಕು ಹಿರೇಕೆರೂರು ಅಂತಲೇ ಹೇಳುತ್ತಾರೆ. ಹಿರೇಕೆರೂರು ಒತ್ತಿದರೆ ಅವರ ಊರು ಪಟ್ಟಿಯಲ್ಲಿ ಸಿಗುವುದಿಲ್ಲ. ಏನು ಮಾಡಲಿ?

ನಕ್ಷೆ_ನಂಜನಗೂಡು
ಆ ಊರುಗಳನ್ನು ಎರಡೂ ತಾಲೂಕಿನ ಪಟ್ಟಿಯಲ್ಲೂ ಇಡಿ. ಎಲ್ಲಿ ಒತ್ತಿದರೂ ಊರಿನ ಕೋಡ್ ಒಂದೇ ಬರಬೇಕು. ತಾಲೂಕನ್ನು ಅವರು ಒತ್ತಿದ್ದರಿಂದ ತೆಗೆದುಕೊಳ್ಳಬೇಡಿ, ಊರಿನ ಕೋಡ್‌ನಿಂದ ಶೀಟಿನಲ್ಲೇ ತಂದುಕೊಳ್ಳಿ.

ವರದಾ_ತೀರ
ಆಯಿತು ಸರ್, ಇವತ್ತೇ ರಟ್ಟೀಹಳ್ಳಿಯ ಪಟ್ಟಿ ಇಳಿಸಿಕೊಳ್ಳುತ್ತೇನೆ.

ಹೊಲದ_ಬದು
ಪಟ್ಟಿಯಲ್ಲಿ ಅಲಸಂದಿ ಬಿಡಬೇಡಿ.